ಉದ್ಯೋಗ ಮತ್ತು ಪರಿಸರ: ಸರ್ಕಾರದ ಮುಕ್ತ ದತ್ತಾಂಶವನ್ನು ಓದುವುದು ಹೇಗೆ?

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಆದೇಶಿಸಿತು. ಮರುತಿಂಗಳೇ ಆ ಆದೇಶವು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಆಗ ಎರಡು ಪ್ರಶ್ನೆಗಳು ಎದ್ದವು. ಎಷ್ಟು ಜನ ಕೆಲಸ ಕಳೆದುಕೊಂಡರು? ಗಾಳಿಯಲ್ಲಿನ ದೂಳು ಎಷ್ಟು ಕಡಿಮೆಯಾಯಿತು?

ಇಂತಹ ಪ್ರಶ್ನೆಗಳಿಗೆ ಉತ್ತರ ಹೇಳುವವರು ಸಾಮಾನ್ಯವಾಗಿ ಒಂದಿಷ್ಟು ಅಂಕಿಗಳನ್ನು ಮುಂದಿಡುತ್ತಾರೆ. ಕೇಳುವವರು ನಂಬಬೇಕು, ಇಲ್ಲವೆ ಬಿಡಬೇಕು. ಮೂರನೆಯ ದಾರಿಯೂ ಇದೆ. ಆ ಅಂಕಿಗಳನ್ನು ನೀವೇ ತೆಗೆದು ನೋಡಬಹುದು. ಇಂತಹ ಮಾಹಿತಿಯಲ್ಲಿ ಬಹುಪಾಲನ್ನು ಸರ್ಕಾರವೇ ಸಂಗ್ರಹಿಸಿ ಪ್ರಕಟಿಸುತ್ತದೆ. ಆದರೆ ಅದನ್ನು ಓದಲು ಸ್ವಲ್ಪ ಎಚ್ಚರ ಬೇಕು.

ಮುಕ್ತ ದತ್ತಾಂಶ ಎಂದರೇನು?

ಸಾರ್ವಜನಿಕರ ಹಣದಿಂದ ಸಂಗ್ರಹಿಸಿದ, ಗೋಪ್ಯವಲ್ಲದ ಮಾಹಿತಿ ಸಾರ್ವಜನಿಕರಿಗೆ ಸಿಗಬೇಕು ಎಂಬುದು ಇದರ ತಿರುಳು. ಭಾರತ ಸರ್ಕಾರವು 2012ರಲ್ಲಿ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ಇದಕ್ಕಾಗಿಯೇ ಒಂದು ಜಾಲತಾಣವೂ ಆರಂಭವಾಯಿತು. ಮಾಹಿತಿ ಸಿಕ್ಕರಷ್ಟೇ ಸಾಲದು, ಗಣಕಯಂತ್ರ ಓದಬಲ್ಲ ರೂಪದಲ್ಲಿಯೂ ಇರಬೇಕು. ಕೋಷ್ಟಕವೊಂದರ ಛಾಯಾಚಿತ್ರವನ್ನು ನೀವು ಓದಬಹುದು, ಆದರೆ ಅದರ ಅಂಕಿಗಳನ್ನು ನೇರವಾಗಿ ಕೂಡಲು ಬರುವುದಿಲ್ಲ. ಅದೇ ಕೋಷ್ಟಕ ಸಾಲು, ಅಂಕಣಗಳ ಕಡತವಾಗಿದ್ದರೆ ಕ್ಷಣದಲ್ಲಿ ಕೂಡಬಹುದು.

ಉದ್ಯೋಗದ ಬಗೆಗೆ ಮುಖ್ಯವಾಗಿ ಮೂರು ಮೂಲಗಳಿವೆ. ಜನಗಣತಿ ಎಲ್ಲರನ್ನೂ ಎಣಿಸುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯು ಆಯ್ದ ಮನೆಗಳನ್ನು ಮಾತ್ರ ಕೇಳುತ್ತದೆ. ಹಿಂದೆ ಸುಮಾರು ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಈ ಉದ್ಯೋಗ ಸಮೀಕ್ಷೆ 2017ರಿಂದ ನಿರಂತರವಾಗಿ ನಡೆಯುತ್ತಿದೆ. ಆರ್ಥಿಕ ಗಣತಿಯು ಅಂಗಡಿ, ಕಾರ್ಖಾನೆಗಳಂತಹ ಉದ್ಯಮ ಘಟಕಗಳನ್ನು ಮತ್ತು ಅಲ್ಲಿ ದುಡಿಯುವವರನ್ನು ಎಣಿಸುತ್ತದೆ. ಪರಿಸರದ ಬಗೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿಯ ಅಳತೆಗಳು, ಅಂತರ್ಜಲ ಮಂಡಳಿಯ ಬಾವಿಗಳ ಅಳತೆಗಳು, ಅರಣ್ಯ ಸರ್ವೇಕ್ಷಣ ಸಂಸ್ಥೆಯ ಜಿಲ್ಲಾವಾರು ವರದಿಗಳು ಇವೆ.

ಈಗ ಬಳ್ಳಾರಿಗೆ ಮರಳೋಣ. ಯಾವುದೇ ಅಂಕಿಯನ್ನು ಮುಂದಿಟ್ಟುಕೊಂಡಾಗ ಮೂರು ಪ್ರಶ್ನೆಗಳನ್ನು ಕೇಳಿ: ಇದು ಯಾವ ಜಾಗದ್ದು? ಯಾವಾಗಿನದು? ಏನನ್ನು ಎಣಿಸಿದ್ದು?

ಯಾವ ಜಾಗದ್ದು?

ಬಳ್ಳಾರಿ ಜಿಲ್ಲೆಯದು ಎಂದು ಥಟ್ಟನೆ ಹೇಳುತ್ತೀರಿ. ಆದರೆ ಯಾವ ಬಳ್ಳಾರಿ? ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. 1991ರ ಜನಗಣತಿಯ ವೇಳೆಗೆ ಅದು ಬಳ್ಳಾರಿಯಲ್ಲಿತ್ತು. 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿತು. ಆದ್ದರಿಂದ 2001 ಮತ್ತು 2011ರ ಜನಗಣತಿಗಳಲ್ಲಿ ಅದು ದಾವಣಗೆರೆಯ ಲೆಕ್ಕದಲ್ಲಿದೆ. ಆಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಹೋಯಿತು. ಊರು ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗಿದೆ!

ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಸಂಡೂರು ತಾಲ್ಲೂಕಿನ ಗಣಿಗಳು ಬಳ್ಳಾರಿಯಲ್ಲೇ ಉಳಿದವು. ಕೂಡ್ಲಿಗಿ, ಹೂವಿನ ಹಡಗಲಿಯಂತಹ ಬೇಸಾಯಪ್ರಧಾನ ತಾಲ್ಲೂಕುಗಳು ವಿಜಯನಗರಕ್ಕೆ ಹೋದವು. ಹೀಗಾಗಿ ಒಬ್ಬನೇ ಒಬ್ಬ ಹೊಸ ಕಾರ್ಮಿಕ ಗಣಿಗೆ ಸೇರದಿದ್ದರೂ, ಒಟ್ಟು ದುಡಿಯುವವರ ಸಂಖ್ಯೆ ಇಳಿದ ಕಾರಣ ಬಳ್ಳಾರಿಯಲ್ಲಿ ಗಣಿ ಕೆಲಸದವರ ಶೇಕಡ ಪ್ರಮಾಣ ಏರಿದಂತೆ ಕಾಣಬಹುದು. ಪರಿಹಾರ ಸರಳ. ಜಿಲ್ಲೆಯ ಮೊತ್ತವನ್ನು ಹೋಲಿಸಬೇಡಿ. ತಾಲ್ಲೂಕು ಅಥವಾ ಗ್ರಾಮಗಳ ಅಂಕಿಗಳು ಸಿಗುವಲ್ಲಿ ಅವನ್ನು ತೆಗೆದುಕೊಂಡು, ಎರಡೂ ವರ್ಷಗಳಿಗೆ ಒಂದೇ ಗಡಿಯೊಳಗೆ ಕೂಡಿರಿ. 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೂ ಆರು ಅಂಕಿಗಳ ಸಂಕೇತ ಸಂಖ್ಯೆ ಇದೆ. ಹೆಸರಿಗಿಂತ ಈ ಸಂಖ್ಯೆಯನ್ನು ನಂಬುವುದು ಒಳ್ಳೆಯದು. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಎಷ್ಟಿಲ್ಲ!

ಯಾವಾಗಿನದು?

2011ರ ಜನಗಣತಿ ನಡೆದದ್ದು ಆ ವರ್ಷದ ಫೆಬ್ರುವರಿಯಲ್ಲಿ, ಅಂದರೆ ನ್ಯಾಯಾಲಯದ ಆದೇಶಕ್ಕೆ ಐದು ತಿಂಗಳು ಮೊದಲು. ಅದೂ ಹಿಂದಿನ ಒಂದು ವರ್ಷದಲ್ಲಿ ಮಾಡಿದ ಕೆಲಸವನ್ನು ಕೇಳಿತ್ತು. ಆದ್ದರಿಂದ ಅದರಲ್ಲಿ ಕಾಣುವುದು ಗಣಿ ನಿಲ್ಲುವ ಮೊದಲಿನ ಬಳ್ಳಾರಿ. ಮಾದರಿ ಸಮೀಕ್ಷೆಯ 68ನೆಯ ಸುತ್ತು 2011ರ ಜುಲೈಯಿಂದ 2012ರ ಜೂನ್‌ವರೆಗೆ ನಡೆಯಿತು. ಇದು ಬಹುಪಾಲು ಗಣಿ ನಿಂತ ನಂತರದ್ದು. ಎರಡರ ಮೇಲೂ 2011 ಎಂದೇ ಬರೆದಿದ್ದರೂ ಒಂದು ಘಟನೆಯ ಈಚೆ ಬದಿಯದು, ಇನ್ನೊಂದು ಆಚೆ ಬದಿಯದು. ಆರನೆಯ ಆರ್ಥಿಕ ಗಣತಿ ಬಂದದ್ದು 2013-14ರಲ್ಲಿ. ಆ ಹೊತ್ತಿಗೆ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿತ್ತು.

ಪರಿಸರದ ಅಂಕಿಗಳಲ್ಲಿ ಕಾಲದ ಪ್ರಶ್ನೆ ಇನ್ನೂ ಸೂಕ್ಷ್ಮ. ಮಳೆಗಾಲದಲ್ಲಿ ಗಾಳಿಯ ದೂಳು ತಾನಾಗಿಯೇ ಇಳಿಯುತ್ತದೆ. ಆದೇಶ ಬಂದದ್ದು ಜುಲೈ ಕೊನೆಗೆ. ಏಪ್ರಿಲ್ ತಿಂಗಳ ದೂಳನ್ನು ಆಗಸ್ಟ್ ತಿಂಗಳ ದೂಳಿನೊಡನೆ ಹೋಲಿಸಿದರೆ ಮಳೆ ಮಾಡಿದ ಕೆಲಸದ ಕೀರ್ತಿ ನ್ಯಾಯಾಲಯಕ್ಕೆ ಹೋಗುತ್ತದೆ! ಆಗಸ್ಟನ್ನು ಹಿಂದಿನ ವರ್ಷದ ಆಗಸ್ಟಿನೊಡನೆಯೇ ಹೋಲಿಸಬೇಕು. ಆ ಎರಡು ವರ್ಷ ಮಳೆ ಒಂದೇ ಬಗೆಯಾಗಿತ್ತೆ ಎಂಬುದನ್ನೂ ನೋಡಬೇಕು.

ಏನನ್ನು ಎಣಿಸಿದ್ದು?

ಜನಗಣತಿಯ ಪ್ರಾಥಮಿಕ ಸಾರಾಂಶದಲ್ಲಿ ದುಡಿಯುವವರನ್ನು ನಾಲ್ಕು ವಿಧವಾಗಿ ವಿಂಗಡಿಸಿದೆ: ಬೇಸಾಯಗಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರರು. ಗಣಿ ಕಾರ್ಮಿಕ, ಶಾಲಾ ಶಿಕ್ಷಕ, ಬಸ್ ಚಾಲಕ ಎಲ್ಲರೂ 'ಇತರರು'. ಗಣಿ ಕೆಲಸದವರನ್ನು ಪ್ರತ್ಯೇಕವಾಗಿ ನೋಡಲು ಉದ್ಯಮವಾರು ಕೋಷ್ಟಕಗಳಿಗೆ ಹೋಗಬೇಕು. ಅಲ್ಲಿಯೂ ಅದಿರು ಸಾಗಿಸುವ ಬಾಡಿಗೆ ಲಾರಿಯ ಚಾಲಕ ಸಾರಿಗೆಯಡಿ ಬರುತ್ತಾನೆ. ಗಣಿ ನಿಂತರೆ ಅವನ ಕೆಲಸವೂ ಹೋಗುತ್ತದೆ, ಆದರೆ ಗಣಿಗಾರಿಕೆಯ ಅಂಕಣದಲ್ಲಿ ಅವನು ಕಾಣುವುದಿಲ್ಲ.

ನಿರುದ್ಯೋಗ ಪ್ರಮಾಣವೂ ಹೀಗೆಯೇ ದಾರಿ ತಪ್ಪಿಸಬಲ್ಲದು. ಒಂದು ಊರಿನಲ್ಲಿ 100 ವಯಸ್ಕರಿದ್ದಾರೆ ಎನ್ನಿ. 54 ಜನ ಕೆಲಸದಲ್ಲಿದ್ದಾರೆ, 6 ಜನ ಕೆಲಸ ಹುಡುಕುತ್ತಿದ್ದಾರೆ. ಶ್ರಮಶಕ್ತಿ 60. ನಿರುದ್ಯೋಗ 60ರಲ್ಲಿ 6, ಅಂದರೆ ಶೇ. 10. ಈಗ ಆ ಆರರಲ್ಲಿ ನಾಲ್ವರು ಬೇಸತ್ತು ಹುಡುಕುವುದನ್ನೇ ಬಿಟ್ಟರು. ಅವರು ಶ್ರಮಶಕ್ತಿಯಿಂದಲೇ ಹೊರಬಿದ್ದರು. ಈಗ ಲೆಕ್ಕ 56ರಲ್ಲಿ 2, ಅಂದರೆ ಸುಮಾರು ಶೇ. 3.6. ಯಾರಿಗೂ ಕೆಲಸ ಸಿಗದೆಯೇ ನಿರುದ್ಯೋಗ ಇಳಿಯಿತು! ಆದ್ದರಿಂದ ಈ ಪ್ರಮಾಣದ ಜೊತೆಗೆ 100 ಜನರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಎಂಬುದನ್ನೂ ನೋಡಿ.

ಮಾದರಿ ಸಮೀಕ್ಷೆಯಲ್ಲಿ ಇನ್ನೊಂದು ಮಿತಿ ಇದೆ. ದೇಶಕ್ಕೆ ಸಾಕಾಗುವ ಮಾದರಿ ಒಂದು ಜಿಲ್ಲೆಗೆ ಸಾಲದು. ಶ್ರಮಶಕ್ತಿಯ 400 ಜನರನ್ನು ಕೇಳಿ ಶೇ. 5 ನಿರುದ್ಯೋಗ ಎಂದು ಕಂಡರೆ, ನಿಜವಾದ ಪ್ರಮಾಣ ಸುಮಾರು 3ರಿಂದ 7ರ ನಡುವೆ ಎಲ್ಲಿಯಾದರೂ ಇರಬಹುದು. ಮುಂದಿನ ವರ್ಷ ಅದು 6 ಆದರೆ ನಿರುದ್ಯೋಗ ಹೆಚ್ಚಿತು ಎನ್ನಲಾಗದು. 2025ರಲ್ಲಿ ಈ ಸಮೀಕ್ಷೆಯ ವಿನ್ಯಾಸ ಬದಲಿಸಿ, ಮಾದರಿಯನ್ನು ಹಿಗ್ಗಿಸಿ, ಜಿಲ್ಲೆಯನ್ನೇ ಮೂಲ ಘಟಕವಾಗಿ ಮಾಡಿದ್ದಕ್ಕೆ ಒಂದು ಕಾರಣ ಇದೇ.

ದೂಳಿಗೆ ಬಂದರೆ, 10 ಮೈಕ್ರೋಮೀಟರಿಗಿಂತ ಸಣ್ಣ ಕಣಗಳನ್ನು ಪಿಎಂ-10 ಎನ್ನುತ್ತಾರೆ. 2009ರ ರಾಷ್ಟ್ರೀಯ ಮಾನಕದ ಪ್ರಕಾರ ಇದರ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ಸಿಬ್ಬಂದಿಯೇ ಅಳೆಯುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ ಅಳೆಯಬೇಕು. ನಿಮ್ಮ ಕೈಲಿರುವ ಸರಾಸರಿ 104 ದಿನಗಳದೊ, 30 ದಿನಗಳದೊ? ಯಂತ್ರ ಇದ್ದದ್ದು ಅದಿರು ಲಾರಿಗಳ ರಸ್ತೆ ಬದಿಯಲ್ಲೊ, ನಗರದ ಕಚೇರಿಯ ಮಾಳಿಗೆಯ ಮೇಲೊ? ಅರಣ್ಯದ ಅಂಕಿಯಲ್ಲಿಯೂ ಹೀಗೆಯೇ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ಮರಗಳ ನೆರಳಿರುವ ಜಾಗವೆಲ್ಲ 'ಅರಣ್ಯ ಹೊದಿಕೆ'. ಅದು ಮಾವಿನ ತೋಪೂ ಆಗಿರಬಹುದು.

ಇದರಿಂದ ಏನು ಪ್ರಯೋಜನ?

2015ರ ಕಾನೂನು ತಿದ್ದುಪಡಿಯಂತೆ ಗಣಿಬಾಧಿತ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚನೆಯಾಗಿವೆ. ಗಣಿ ಗುತ್ತಿಗೆದಾರರು ಅದಕ್ಕೆ ಹಣ ಕಟ್ಟಬೇಕು. ಬಾಧಿತ ಊರು ಯಾವುದು, ಅಲ್ಲಿಗೆ ಬೇಕಾದದ್ದು ಆಸ್ಪತ್ರೆಯೊ, ನೀರೊ, ಉದ್ಯೋಗ ತರಬೇತಿಯೊ ಎಂಬ ತೀರ್ಮಾನ ಸರಿಯಾಗಬೇಕಾದರೆ ಅಂಕಿಗಳೂ ಸರಿಯಾಗಿರಬೇಕು. ಜಿಲ್ಲೆಯ ಸರಾಸರಿಯೊಳಗೆ ಸಂಡೂರಿನ ಒಂದು ಹಳ್ಳಿ ಸುಲಭವಾಗಿ ಮರೆಯಾಗಿಬಿಡುತ್ತದೆ.

ನಿಮ್ಮ ತಾಲ್ಲೂಕಿಗೂ ಇದನ್ನು ಮಾಡಿ ನೋಡಿ. ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ಅಂಕಿ, ಜಾಗ, ಕಾಲ, ಎಣಿಸಿದ್ದು ಏನು. ಸಿಕ್ಕ ಪ್ರತಿಯೊಂದು ಅಂಕಿಗೂ ನಾಲ್ಕನ್ನೂ ತುಂಬಿ. ಯಾವುದಾದರೂ ಅಂಕಣ ಖಾಲಿ ಉಳಿದರೆ ಆ ಅಂಕಿಯನ್ನು ಹೋಲಿಕೆಗೆ ಬಳಸಬೇಡಿ. ಮೊದಲು ಅದರ ಮೂಲಕ್ಕೆ ಹೋಗಿ, ಕೋಷ್ಟಕದ ಅಡಿಟಿಪ್ಪಣಿ ಓದಿ. ಅಲ್ಲಿಯೂ ಸಿಗದಿದ್ದರೆ ಪ್ರಕಟಿಸಿದ ಇಲಾಖೆಯನ್ನೇ ಕೇಳಿ. 2005ರ ಮಾಹಿತಿ ಹಕ್ಕು ಕಾಯಿದೆ ಕೇಳುವ ಹಕ್ಕನ್ನು ನಿಮಗೆ ಕೊಟ್ಟಿದೆ.