ಬೆಳೆದ ಬೆಕ್ಕಿಗೆ ಪಾಠ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಬೆಕ್ಕಿನ ಮೇಲೂ ಹೇರುವವರು ನಮ್ಮಲ್ಲಿ ಬಹಳ ಮಂದಿ. ಮರಿಯಾಗಿದ್ದರೆ ತಿದ್ದಬಹುದಿತ್ತು, ನಾಲ್ಕೈದು ವರ್ಷದ ಬೆಕ್ಕನ್ನು ಇನ್ನು ತಿದ್ದುವುದೆಂತು ಎಂದು ಅವರು ಕೈಚೆಲ್ಲುತ್ತಾರೆ. ಮುಂಬಯಿಯಲ್ಲಿ ಹಳೆಯ ಚಾಳುಗಳನ್ನು ಕೆಡವಿ ಬಹುಮಹಡಿಯ ಮನೆಗಳನ್ನು ಕಟ್ಟುವಾಗ ಈ ಮಾತಿನಿಂದ ಕೇಡೇ ಆಗುತ್ತದೆ. ಓಣಿಯಲ್ಲಿ, ಹಂಚಿನ ಮೇಲೆ ತಿರುಗಾಡಿ ಬೆಳೆದ ಬೆಕ್ಕು ಏಳನೆಯ ಮಹಡಿಯ ಎರಡು ಕೋಣೆಗಳಿಗೆ ಹೊಂದಿಕೊಳ್ಳಲಾರದೆಂದು ಅದನ್ನು ಗೋಣಿಚೀಲದಲ್ಲಿ ತುಂಬಿ ಮೀನುಪೇಟೆಯ ಬಳಿ ಬಿಟ್ಟು ಬರುವವರುಂಟು. ಸಾಕಿದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಬೆಳೆದ ಬೆಕ್ಕು ಕಲಿಯದೆಂಬ ನಂಬಿಕೆಯೇ ಸರಿಯಲ್ಲ.

ಗಾದೆಯಲ್ಲಿ ನಿಜಾಂಶ ಇಲ್ಲವೆಂದಲ್ಲ. ಮರಿಯು ಸುಮಾರು ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡದಿದ್ದರೆ ಮುಂದೆ ಅದು ಮನುಷ್ಯರನ್ನು ನಂಬುವುದು ಕಷ್ಟ. ಆದರೆ ಸಲಿಗೆ ಬೇರೆ, ಕಲಿಕೆ ಬೇರೆ. ಕಲಿಕೆಗೆ ವಯಸ್ಸಿನ ಗಡುವು ಇಲ್ಲ.

ಬೆಕ್ಕು ಹೇಗೆ ಕಲಿಯುತ್ತದೆಂಬುದನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು 1898ರಲ್ಲಿಯೇ ತೋರಿಸಿಕೊಟ್ಟರು. ಹಸಿದ ಬೆಕ್ಕನ್ನು ಮರದ ಪಟ್ಟಿಗಳ ಪೆಟ್ಟಿಗೆಯಲ್ಲಿ ಕೂಡಿ ಹೊರಗೆ ಆಹಾರವನ್ನಿಟ್ಟರು. ಒಳಗಿನ ಒಂದು ಕುಣಿಕೆಯನ್ನು ಎಳೆದರೆ ಬಾಗಿಲು ತೆರೆಯುವುದು. ಬೆಕ್ಕು ಪರಚಿತು, ಕಚ್ಚಿತು, ಸಂದಿನಲ್ಲಿ ನುಸುಳಲು ನೋಡಿತು. ಕೊನೆಗೆ ಅಕಸ್ಮಾತ್ತಾಗಿ ಕಾಲು ಕುಣಿಕೆಗೆ ತಗುಲಿ ಹೊರಬಂದಿತು. ಮತ್ತೆ ಮತ್ತೆ ಕೂಡಿದಂತೆ ವ್ಯರ್ಥದ ಪರದಾಟ ಸ್ವಲ್ಪಸ್ವಲ್ಪವೇ ಕಳೆದು, ಕೊನೆಗೆ ನೇರವಾಗಿ ಕುಣಿಕೆಗೇ ಕೈಹಾಕತೊಡಗಿತು. ಆಹಾರ ದೊರಕಿಸಿದ ಕ್ರಿಯೆ ಉಳಿಯಿತು, ದೊರಕಿಸದ್ದು ಉದುರಿತು.

ಶಿಕ್ಷೆಯಿಂದಲೂ ಬೆಕ್ಕು ಕಲಿಯುತ್ತದೆ, ತೊಡಕಿರುವುದೇ ಅಲ್ಲಿ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ವಾಚಕರಿಗೆಲ್ಲ ಗೊತ್ತು. ರಾಯನು ಕೊಟ್ಟ ಬೆಕ್ಕಿಗೆ ಅವನು ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಒಂದೇ ಪಾಠ ಸಾಕಾಯಿತು. ಆದರೆ ಅದು ಕಲಿತದ್ದು ರಾಮಕೃಷ್ಣ ಕೆಟ್ಟವನೆಂದಲ್ಲ, ಹಾಲು ಕೆಟ್ಟದ್ದೆಂದು. ಮೂಲೆಯಲ್ಲಿ ಉಚ್ಚೆ ಹೊಯ್ದ ಬೆಕ್ಕಿನ ಮೂತಿಯನ್ನು ಅಲ್ಲಿಯೇ ತಿಕ್ಕಿ ನಾಲ್ಕು ಬಡಿದು ಮರಳಿನ ತಟ್ಟೆಗೆ ಎತ್ತಿಹಾಕುವವರು ಮಾಡುವುದೂ ಇದನ್ನೇ. ತಪ್ಪು ಆಗಿ ಅರ್ಧ ಗಂಟೆ ಕಳೆದಿದೆ. ಅದಕ್ಕೂ ಪೆಟ್ಟಿಗೂ ಸಂಬಂಧವೇ ತಿಳಿಯದು. ಪೆಟ್ಟಿನ ನೋವಿನೊಡನೆ ಕಾಲಿಗೆ ತಗುಲಿದ್ದು ಮರಳು. ಇನ್ನು ಅದು ಮರಳನ್ನು ಕಂಡರೆ ಓಡುತ್ತದೆ, ನಮ್ಮನ್ನು ಕಂಡರೂ.

ನೆರೆಯವರು ಬಿಟ್ಟುಹೋದ ಐದು ವರ್ಷದ ಒಂದು ಬೆಕ್ಕನ್ನು ನಾವು ಮನೆಗೆ ತಂದುಕೊಂಡಾಗ ಮೊದಲು ಮಾಡಿದ ಕೆಲಸ, ಅದು ಹಿಂದೆ ಬಳಸುತ್ತಿದ್ದ ಹೂವಿನ ಪಾತಿಯ ಮಣ್ಣನ್ನೇ ತಟ್ಟೆಗೆ ತುಂಬಿದ್ದು. ಕೆಲವು ದಿನ ಒಂದೇ ಕೋಣೆಯಲ್ಲಿ ಅದರ ವಾಸ. ಅನ್ನದ ತಟ್ಟೆ ಒಂದು ಮೂಲೆಗೆ, ಮಣ್ಣಿನದು ದೂರದ ಮೂಲೆಗೆ. ಮಣ್ಣು ಕೆದಕಿ ಮುಚ್ಚಿ ಹೊರಬಂದ ಕ್ಷಣದಲ್ಲಿಯೇ ಒಂದು ಚೂರು ಬೆಂದ ಮೀನು. ಬಳಿಕ ದಿನಕ್ಕಿಷ್ಟಿಷ್ಟು ಅಂಗಡಿಯ ಮರಳನ್ನು ಬೆರೆಸುತ್ತ ಮಣ್ಣನ್ನು ಕಡಿಮೆ ಮಾಡಿದೆವು. ತಪ್ಪಿದ ಜಾಗವನ್ನು ಫಿನಾಯಿಲಿನಿಂದ ತೊಳೆಯಬಾರದು. ಅದು ಬೆಕ್ಕಿಗೆ ವಿಷ, ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುವುದರಿಂದ, ಕಿಣ್ವವಿರುವ ಮಾರ್ಜಕದಿಂದ ಚೆನ್ನಾಗಿ ತೊಳೆಯಬೇಕು.

ಬಹುಮಾನ ಚಿಕ್ಕದಿರಲಿ, ತಡವಾಗದಿರಲಿ. ಶಾಕಾಹಾರಿಗಳ ಮನೆಯಲ್ಲಿ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರದ ಕಾಳುಗಳು ಸಾಕು. ಧಾರವಾಡದ ಫೇಡೆ ಕೊಟ್ಟು ಪ್ರಯೋಜನವಿಲ್ಲ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಊಟಕ್ಕೆ ಮೊದಲು, ಎರಡು ಮೂರು ನಿಮಿಷ ಪಾಠ ನಡೆದರೆ ಬೇಕಾದಷ್ಟಾಯಿತು.

ಸೋಫಾ ಪರಚುವುದನ್ನು ನಿಲ್ಲಿಸಲಾಗದು, ಸ್ಥಳ ಬದಲಿಸಬಹುದಷ್ಟೇ. ಪಾದದಲ್ಲಿರುವ ಗ್ರಂಥಿಗಳ ವಾಸನೆಯಿಂದ ತನ್ನ ಗುರುತು ಹಾಕುವುದೂ ಉಗುರಿನ ಹಳೆಯ ಪದರ ಕಳಚುವುದೂ ಅದಕ್ಕೆ ಅಗತ್ಯ. ಬೆಕ್ಕು ಮೈಚಾಚಿ ನಿಲ್ಲುವಷ್ಟು ಎತ್ತರದ, ಅಲುಗಾಡದ ಮರದ ಕಂಬಕ್ಕೆ ಗೋಣಿಚೀಲ ಸುತ್ತಿ ಸೋಫಾದ ಪಕ್ಕದಲ್ಲಿಯೇ ನಿಲ್ಲಿಸಿರಿ. ಚೀಲದ ಉಪಯೋಗ ಇದು, ಮೇಲೆ ಹೇಳಿದ್ದಲ್ಲ.

ಇನ್ನೊಂದು ಮಾತು. ಚೆನ್ನಾಗಿ ತಟ್ಟೆ ಬಳಸುತ್ತಿದ್ದ ಬೆಕ್ಕು ಒಮ್ಮೆಲೇ ತಪ್ಪತೊಡಗಿದರೆ ಅದು ಹಟವಲ್ಲ, ರೋಗವಿರಬಹುದು. ಗಂಡುಬೆಕ್ಕು ತಿಣುಕಿದರೂ ಉಚ್ಚೆ ಬಾರದಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೂತ್ರನಾಳ ಕಟ್ಟಿದರೆ ಎರಡು ಮೂರು ದಿನಗಳಲ್ಲಿ ಪ್ರಾಣ ಹೋಗಬಹುದು.

ಕರೆದರೆ ಬರುವುದನ್ನೂ ಇದೇ ರೀತಿಯಲ್ಲಿ ಕಲಿಸಬಹುದು. ಸಾಕಿದ ಬೆಕ್ಕು ತನ್ನ ಹೆಸರನ್ನು ಬೇರೆ ಮಾತುಗಳಿಂದ ಬೇರ್ಪಡಿಸಿ ಗುರುತಿಸಬಲ್ಲದೆಂದು 2019ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಹೆಸರು ಹಿಡಿದು ಕರೆಯಿರಿ, ಬಂದೊಡನೆ ಚೂರು ಕೊಡಿರಿ. ಕರೆದು ಬೈಯುವುದಾಗಲಿ ಔಷಧಿ ಹಾಕುವುದಾಗಲಿ ಬೇಡ. ಕಿಟಕಿಗಳಿಗೆ ಮಾತ್ರ ಮೊದಲೇ ಗಟ್ಟಿಯಾದ ಬಲೆ ಹಾಕಿಸಿರಿ. ಏಳನೆಯ ಮಹಡಿಯ ಅಂಚಿನಲ್ಲಿ ಪಾರಿವಾಳ ಬಂದು ಕುಳಿತಾಗ ಯಾವ ಬೆಕ್ಕಿಗೂ ನಮ್ಮ ಕರೆ ಕೇಳಿಸದು.