ಮೈಸೂರು ನಗರದ ಕೆರೆಗಳು: ಸಸ್ಯಪ್ಲವಕ ವೈವಿಧ್ಯ ಮತ್ತು ಜಲಮಾಲಿನ್ಯ

ನೀರಿನಲ್ಲಿ ತೇಲುತ್ತಾ, ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಅತಿ ಸೂಕ್ಷ್ಮ ಜೀವಿಗಳನ್ನು ಸಸ್ಯಪ್ಲವಕಗಳೆಂದು ಕರೆಯಲಾಗುತ್ತದೆ. ಡಯಾಟಮ್‌ಗಳು, ಹಸಿರು ಪಾಚಿಗಳು, ಯೂಗ್ಲೀನಾ ಮತ್ತು ನೀಲಿ-ಹಸಿರು ಪಾಚಿಗಳು ಇವುಗಳಲ್ಲಿ ಮುಖ್ಯವಾದವು. ಕೆರೆಯ ಆಹಾರ ಸರಪಳಿಗೆ ಇವೇ ಆಧಾರ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರು ನಿರ್ಮಿಸಿದ ಕುಕ್ಕರಹಳ್ಳಿ ಕೆರೆಯ ಮೀನುಗಳೂ, ಆ ಮೀನನ್ನು ನಂಬಿದ ಹೆಜ್ಜಾರ್ಲೆಗಳೂ ಇದಕ್ಕೆ ಹೊರತಲ್ಲ.

ಮಾಲಿನ್ಯದ ಪರಿಣಾಮ:
ಶುದ್ಧ ನೀರಿನಲ್ಲಿ ಹಲವು ಪ್ರಭೇದಗಳು ಮಿತ ಸಂಖ್ಯೆಯಲ್ಲಿ ಬದುಕುತ್ತವೆ. ಕೊಳಚೆ ನೀರು ಸೇರಿದಾಗ ಸಾರಜನಕ ಮತ್ತು ರಂಜಕದ ಪ್ರಮಾಣ ಹೆಚ್ಚಿ, ಮೈಕ್ರೋಸಿಸ್ಟಿಸ್‌ನಂತಹ ಕೆಲವೇ ನೀಲಿ-ಹಸಿರು ಪಾಚಿಗಳು ಮೇಲುಗೈ ಪಡೆಯುತ್ತವೆ; ಉಳಿದವು ಕ್ಷೀಣಿಸುತ್ತವೆ. ಆದುದರಿಂದ ನೀರು ದಟ್ಟ ಹಸಿರಾಗಿರುವುದು ಕೆರೆಯ ಸಮೃದ್ಧಿಯ ಲಕ್ಷಣವಲ್ಲ. ರಾತ್ರಿ ವೇಳೆ ಪಾಚಿಯ ಉಸಿರಾಟದಿಂದ ನೀರಿನ ಆಮ್ಲಜನಕ ಕುಸಿದು, ಬೆಳಗಿನ ಜಾವ ಮೀನುಗಳು ಸಾಯುವ ಸಂಭವವಿರುತ್ತದೆ. ಮೈಕ್ರೋಸಿಸ್ಟಿಸ್‌ನ ಕೆಲವು ತಳಿಗಳು ಯಕೃತ್ತಿಗೆ ಹಾನಿಕರವಾದ ವಿಷವನ್ನು ಉತ್ಪಾದಿಸುತ್ತವೆ. ನೀರನ್ನು ಕುದಿಸಿದರೂ ಈ ವಿಷ ನಾಶವಾಗುವುದಿಲ್ಲ.

ಅಳೆಯುವ ವಿಧಾನ:
1969ರಲ್ಲಿ ಪಾಮರ್ ಎಂಬ ವಿಜ್ಞಾನಿಯು ಮಾಲಿನ್ಯವನ್ನು ಸಹಿಸುವ 20 ಪಾಚಿ ಕುಲಗಳಿಗೆ ಅಂಕಗಳನ್ನು ನಿಗದಿಪಡಿಸಿದರು. ಯೂಗ್ಲೀನಾ ಮತ್ತು ಆಸಿಲಟೋರಿಯಾಗಳಿಗೆ ತಲಾ 5 ಅಂಕ. ನೀರಿನ ಮಾದರಿಯಲ್ಲಿ ಕಂಡುಬರುವ ಕುಲಗಳ ಅಂಕಗಳ ಮೊತ್ತ 20 ಅಥವಾ ಅದಕ್ಕಿಂತ ಹೆಚ್ಚಾದಲ್ಲಿ ಸಾವಯವ ಮಾಲಿನ್ಯ ಅಧಿಕವೆಂದು ಪರಿಗಣಿಸಲಾಗುತ್ತದೆ.

ಬಡಾವಣೆಗಳಿಗೂ ಕೆರೆಗಳಿಗೂ ಇರುವ ಸಂಬಂಧ:
ಲಷ್ಕರ್ ಮೊಹಲ್ಲಾದಂತಹ ನಗರ ಮಧ್ಯದ ಹಳೆಯ ಬಡಾವಣೆಗಳ ನಿವಾಸಿಗಳಿಗೆ ಕೆರೆ ದೂರದ ವಿಷಯವೆನಿಸಬಹುದು. ಆದರೆ ನಗರದ ಭೂಮಿ ಉತ್ತರದಲ್ಲಿ ಕಾವೇರಿಯ ಕಡೆಗೂ, ದಕ್ಷಿಣದಲ್ಲಿ ಕಬಿನಿಯ ಕಡೆಗೂ ಇಳಿಜಾರಾಗಿದ್ದು, ಬಚ್ಚಲಿನ ನೀರು ಈ ಎರಡರಲ್ಲೊಂದು ದಿಕ್ಕಿಗೆ ಹರಿಯಲೇಬೇಕು. ದಕ್ಷಿಣದ ದಳವಾಯಿ ಕೆರೆಯು ದೀರ್ಘಕಾಲ ನಗರದ ಕೊಳಚೆಗೆ ಗುರಿಯಾಗಿದ್ದು ಇದಕ್ಕೆ ನಿದರ್ಶನ. ಒಳಚರಂಡಿಗೆ ಸೇರಿದ ನೀರು ಕೆಸರೆ, ವಿದ್ಯಾರಣ್ಯಪುರಂ ಮುಂತಾದ ಕಡೆಗಳ ಶುದ್ಧೀಕರಣ ಘಟಕಗಳನ್ನು ತಲುಪಬಲ್ಲದು. ಮಳೆನೀರು ಚರಂಡಿಗೆ ಬಿಟ್ಟ ಕೊಳಚೆಯು ಶುದ್ಧೀಕರಣವಿಲ್ಲದೆ ಕೆರೆ-ಹಳ್ಳಗಳನ್ನು ಸೇರುತ್ತದೆ.

ಸಾರ್ವಜನಿಕರ ಗಮನಕ್ಕೆ:
1. ಶೌಚಾಲಯ ಮತ್ತು ಬಚ್ಚಲಿನ ಕೊಳವೆಗಳನ್ನು ಮಳೆನೀರು ಚರಂಡಿಗೆ ಜೋಡಿಸಬಾರದು.
2. ಕೆರೆಯಲ್ಲಿ ಬಟ್ಟೆ, ವಾಹನ ತೊಳೆಯಬಾರದು, ಕಸ ಹಾಕಬಾರದು.
3. ಹಸಿರು ಕೆನೆಗಟ್ಟಿದ ನೀರನ್ನು ಜಾನುವಾರುಗಳಿಗೆ ಕುಡಿಸಬಾರದು.
4. ಮೀನುಗಳು ಸತ್ತು ತೇಲುವುದು ಕಂಡುಬಂದಲ್ಲಿ ಕೂಡಲೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಿಳಿಸಲು ಕೋರಲಾಗಿದೆ.