ತಪ್ಪು ಉತ್ತರಗಳನ್ನೂ ಓದಬೇಕು

10ರ ಮೈನಸ್ 8 ಘಾತ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಆಯ್ಕೆಗಳು 8, 7, 6.98 ಮತ್ತು 6. ಸೂತ್ರ ಬಾಯಿಪಾಠವಾಗಿರುವ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ 8ಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಾನೆ. ಆಮ್ಲಕ್ಕೆ ಎಷ್ಟೇ ನೀರು ಬೆರೆಸಿದರೂ ಅದು ಪ್ರತ್ಯಾಮ್ಲವಾಗುವುದಿಲ್ಲ ಎಂದು ಅವನಿಗೂ ಗೊತ್ತು. ಆ ಗಳಿಗೆಯಲ್ಲಿ ಅವನು ನೋಡಿದ್ದು ಸೂತ್ರವನ್ನು, ದ್ರಾವಣವನ್ನಲ್ಲ. ಇಷ್ಟು ತೆಳುವಾದ ದ್ರಾವಣದಲ್ಲಿ ನೀರು ತಾನೇ ಕೊಡುವ ಹೈಡ್ರೋಜನ್ ಅಯಾನುಗಳನ್ನು ಬಿಡುವಂತಿಲ್ಲ. ಅವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ 6.98.

ಸಿಇಟಿ, ನೀಟ್, ಜೆಇಇ ಬರೆಯುವ ಪಿಯು ಮಕ್ಕಳಿಗೆ ನಾನು ಮೊದಲು ಹೇಳಬಯಸುವುದು ಇದನ್ನೇ. ಒಳ್ಳೆಯ ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಆಯ್ಕೆಗಳು ಸುಮ್ಮನೆ ಬಂದು ಕೂತಿರುವುದಿಲ್ಲ. ವಿದ್ಯಾರ್ಥಿ ಎಲ್ಲೆಲ್ಲಿ ಎಡವುತ್ತಾನೆಂದು ಬಲ್ಲವರು ಅವನ್ನು ಇಟ್ಟಿರುತ್ತಾರೆ. ನಿಮಗೆ ಸಿಕ್ಕ ಉತ್ತರ ಆಯ್ಕೆಗಳಲ್ಲಿ ಇದೆ ಎಂದಮಾತ್ರಕ್ಕೆ ಅದು ಸರಿ ಎಂದುಕೊಳ್ಳಬೇಡಿ.

ಇನ್ನೊಂದು ಉದಾಹರಣೆ. ಕ್ರಿಯೆಯೊಂದರ ಎಂಥಾಲ್ಪಿ ಬದಲಾವಣೆ 30 ಕಿಲೋಜೂಲ್, ಎಂಟ್ರೊಪಿ ಬದಲಾವಣೆ ಪ್ರತಿ ಕೆಲ್ವಿನ್‌ಗೆ 100 ಜೂಲ್. ಎಷ್ಟು ತಾಪ ದಾಟಿದರೆ ಅದು ತಾನಾಗಿ ನಡೆಯುತ್ತದೆ? ಕಿಲೋಜೂಲನ್ನು ಜೂಲಿಗೆ ತರಲು ಮರೆತವರಿಗೆ 0.3 ಸಿಗುತ್ತದೆ, ಆಯ್ಕೆಗಳಲ್ಲಿ 0.3 ಕೂಡ ಕಾದಿರುತ್ತದೆ. 0.3 ಕೆಲ್ವಿನ್ ಎಂದರೆ ಹೆಚ್ಚುಕಡಿಮೆ ಪರಮಶೂನ್ಯ! ಅಂಥ ಚಳಿಯಲ್ಲಿ ಯಾವ ಕ್ರಿಯೆ ನಡೆದೀತು ಎಂದು ಒಮ್ಮೆ ಕೇಳಿಕೊಂಡರೆ ಸಾಕು, ಕೈ 300ರ ಕಡೆ ಹೋಗುತ್ತದೆ.

ಸಿಇಟಿ ರಸಾಯನಶಾಸ್ತ್ರದಲ್ಲಿ 60 ಪ್ರಶ್ನೆಗೆ 80 ನಿಮಿಷ. ನೀಟ್‌ನಲ್ಲಿ ಸರಾಸರಿ ಪ್ರಶ್ನೆಗೊಂದು ನಿಮಿಷ. ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಹಾಗಾಗಿ ಲೆಕ್ಕ ಉದ್ದವಾಗುತ್ತಾ ಹೋದರೆ ಪೆನ್ನು ನಿಲ್ಲಿಸಿ, ಹತ್ತಿರದ ದಾರಿ ಇದೆಯೇ ನೋಡಿ. ಫಸ್ಟ್ ಆರ್ಡರ್ ಕ್ರಿಯೆ ಶೇ 93.75 ಮುಗಿಯಲು ಎಷ್ಟು ಹೊತ್ತು ಎಂದು ಕೇಳಿದರೆ ಲಾಗ್ ಬೇಕಿಲ್ಲ. ಉಳಿದಿರುವುದು ಹದಿನಾರರಲ್ಲಿ ಒಂದು ಪಾಲು, ಅಂದರೆ ನಾಲ್ಕು ಅರ್ಧಾಯು. ಶೇ 99.9ಕ್ಕೆ ಸುಮಾರು ಹತ್ತು ಅರ್ಧಾಯು.

ಕ್ರಮ ಕೇಳುವ ಪ್ರಶ್ನೆಗಳಲ್ಲಿ ಇಡೀ ಸಾಲನ್ನು ಜೋಡಿಸಲು ಹೋಗಬೇಡಿ. ಪ್ಯಾರಾ-ನೈಟ್ರೋಫೀನಾಲ್, ಫೀನಾಲ್, ಪ್ಯಾರಾ-ಕ್ರೆಸಾಲ್, ಎಥನಾಲ್ ಇವುಗಳ ಆಮ್ಲೀಯತೆಯಲ್ಲಿ ಮೊದಲನೆಯದು ತುತ್ತತುದಿ, ಕೊನೆಯದು ತಳ. ಎರಡು ತುದಿ ಗಟ್ಟಿಯಾದರೆ ಬಹಳಷ್ಟು ಸಲ ಒಂದೋ ಎರಡೋ ಆಯ್ಕೆ ಮಾತ್ರ ಉಳಿಯುತ್ತದೆ.

ಅಜೈವಿಕ ಭಾಗ ಬೇರೆಯೇ. ಅಲ್ಲಿ ನಿಯಮ ಮುರಿಯುವ ಕಡೆಯೇ ಪ್ರಶ್ನೆ ಹುಟ್ಟುತ್ತದೆ: ಆಕ್ಸಿಜನ್‌ಗಿಂತ ನೈಟ್ರೋಜನ್‌ನ ಮೊದಲ ಅಯಾನೀಕರಣ ಶಕ್ತಿ ಏಕೆ ಹೆಚ್ಚು, ಎಲೆಕ್ಟ್ರಾನ್ ಅಫಿನಿಟಿಯಲ್ಲಿ ಕ್ಲೋರಿನ್ ಫ್ಲೋರಿನ್ನನ್ನು ಏಕೆ ಮೀರುತ್ತದೆ, ಕ್ರೋಮಿಯಂನ 4ಎಸ್‌ನಲ್ಲಿ ಒಂದೇ ಎಲೆಕ್ಟ್ರಾನ್ ಏಕೆ. ಎನ್‌ಸಿಇಆರ್‌ಟಿ ಪುಸ್ತಕ ಓದುವಾಗ ಇಂಥ ಅಪವಾದಗಳನ್ನು, ಕಾರಣವನ್ನೂ ಸೇರಿಸಿ, ಬೇರೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಇಲ್ಲಿ ಊಹೆ ಕೈಹಿಡಿಯುವುದು ಕಡಿಮೆ.

ಊಹೆಯ ಮಾತು ಬಂದಿತು. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಕಣ್ಣುಮುಚ್ಚಿ ಹಾಕಿದ ಉತ್ತರದಿಂದ ಸರಾಸರಿ ಸಿಗುವುದು ಕಾಲು ಅಂಕ. ಎರಡು ಆಯ್ಕೆ ತಪ್ಪೆಂದು ಖಾತ್ರಿಯಾದ ಮೇಲೆ ಹಾಕಿದರೆ ಒಂದೂವರೆ. ಹೀಗಿರುವಾಗ ಮೈನಸ್‌ಗೆ ಹೆದರಿ, ಅರ್ಧ ಬಿಡಿಸಿದ ಪ್ರಶ್ನೆಯನ್ನು ಕೈಬಿಡುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜೆಇಇ ಅಡ್ವಾನ್ಸ್ಡ್‌ನ ಕೆಲವು ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು. ಅಲ್ಲಿ ತಪ್ಪು ಆಯ್ಕೆಯೊಂದು ಸೇರಿಕೊಂಡರೆ ಇತ್ತೀಚಿನ ವರ್ಷಗಳಲ್ಲಿ 2 ಅಂಕ ಹೋಗುತ್ತಿದೆ; ಖಾತ್ರಿಯಿದ್ದಷ್ಟನ್ನೇ ಗುರುತಿಸಿದರೆ ಭಾಗಶಃ ಅಂಕವಾದರೂ ದಕ್ಕುತ್ತದೆ.

ಮಾಕ್ ಟೆಸ್ಟ್ ಮುಗಿದ ಮೇಲೆ ಹೆಚ್ಚಿನವರು ಅಂಕ ಎಣಿಸಿ ಪತ್ರಿಕೆ ಮಡಚಿಡುತ್ತಾರೆ. ಅದರ ಬದಲು ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ನೀವು ಹಾಕಿದ ಆ ಆಯ್ಕೆ ಯಾವ ತಪ್ಪಿನಿಂದ ಬರುತ್ತದೆ ಎಂದು ಬರೆಯಿರಿ: ಏಕಮಾನ, ಸೂತ್ರದ ಮಿತಿ, ‘ಅಲ್ಲ’ ಎಂಬ ಪದ ಕಣ್ತಪ್ಪಿದ್ದು. ಕಾರಣ ಹೊಳೆಯದಿದ್ದರೆ ಮರುದಿನ ಮೇಷ್ಟ್ರಲ್ಲಿ ಕೇಳಬೇಕಾದ ಪ್ರಶ್ನೆ ಅದೇ.